ಹನಿಯ ಬೆನ್ನು ಹತ್ತಿದ ಜಟ್ಟಪ್ಪ

ಬೆಳಗಿನ ಐದೂವರೆ ಗಂಟೆ. ಮೇಳಿಗೆ ದಾಟಿ ಆಗುಂಬೆ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು, ಅದರ ಮುಂದೆ ಒಂದು ಬಿಳಿ ಕಾರು. ಕಾರಿನ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿವೆ. ಮಲಗಿದವರ ಕಾಲಾದರೂ ಸುಮ್ಮನಿರಬಾರದೆ? ಬಲಗಾಲಿನ ಹೆಬ್ಬೆರಳು ನೆಲವನ್ನು ಕೆರೆಯುತ್ತಲೇ ಇದೆ.

“ಟಾರ್ಚ್ ಈ ಕಡೆ ಹಿಡೀರಿ ಗೌಡ್ರೆ. ನನ್ನ ಮುಖಕ್ಕಲ್ಲ, ಚಕ್ರಕ್ಕೆ,” ಎನ್ನುತ್ತದೆ ಅಡಿಯಿಂದ ಬಂದ ದನಿ.

ದನಿ ಜಟ್ಟಪ್ಪನವರದು. ವಯಸ್ಸು ಐವತ್ತಾರು. ಘಾಟಿ ಇಳಿಯುವ ಮೊದಲು ಈ ರಸ್ತೆಯಲ್ಲಿ ಬೆಳಗಿನ ಈ ಹೊತ್ತಿಗೆ ಬಾಗಿಲು ತೆರೆದಿರುವ ರಿಪೇರಿ ಶೆಡ್ಡು ಅವರದೊಂದೇ. ಬೋರ್ಡು ಇಲ್ಲ. ಇದ್ದದ್ದು ಹೋದ ವರ್ಷ ಗಾಳಿಗೆ ಹಾರಿ ಎದುರಿನ ಗದ್ದೆಗೆ ಬಿತ್ತು, ತರಲು ಅವರಿಗೆ ಪುರಸೊತ್ತಾಗಿಲ್ಲ. ಟಾರ್ಚ್ ಹಿಡಿದು ನಿಂತವರು ಮಂಡಗದ್ದೆ ಕಡೆಯ ಕೃಷಿಕ ಪೂರ್ಣೇಶ್. ಹಿಂದಿನ ಸೀಟಿನಲ್ಲಿ ಶಾಲು ಹೊದ್ದು, ಮಡಿಲಲ್ಲಿ ಆಸ್ಪತ್ರೆಯ ಫೈಲು ಇಟ್ಟುಕೊಂಡು ಕೂತವರು ಅವರ ತಾಯಿ ವೇದಾವತಿ. ಎದೆಯ ವಾಲ್ವ್ ತೊಂದರೆ. ಮಣಿಪಾಲದಲ್ಲಿ ದೊಡ್ಡ ಡಾಕ್ಟರನ್ನು ಕಾಣಲು ಮೂರು ತಿಂಗಳು ಕಾದು ಇವತ್ತು ಹತ್ತೂವರೆಗೆ ಸಮಯ ಸಿಕ್ಕಿದೆ. ತಪ್ಪಿದರೆ ಮತ್ತೆ ಯಾವಾಗಲೋ. ಇಲ್ಲಿಂದ ಅಲ್ಲಿಗೆ ಎರಡು ಗಂಟೆಯ ದಾರಿ, ನಡುವೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವು.

ಕಾರಿನ ಕತೆ ಇಷ್ಟು. ಮೂರು ದಿನದ ಹಿಂದೆ ಸಾಗರದ ಬಳಿಯ ಮಾವನ ಮನೆಯಿಂದ ಮರಳುವಾಗ, ಹೊಸನಗರ ಪೇಟೆಯಲ್ಲಿ ಅಡ್ಡ ಬಂದ ಕರುವನ್ನು ತಪ್ಪಿಸಲು ಹೋಗಿ ಪೂರ್ಣೇಶ್ ಎಡಗಡೆಯ ಮುಂದಿನ ಚಕ್ರವನ್ನು ಫುಟ್‌ಪಾತಿನ ಕಲ್ಲಿಗೆ ಹತ್ತಿಸಿದ್ದಾರೆ. ಅಲ್ಲಿಂದ ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿದೆ. ಗಾಡಿ ನಿಲ್ಲಿಸಿದಲ್ಲೆಲ್ಲ ಆ ಚಕ್ರದ ಹಿಂದೆ ಕೆಂಪಗಿನ ಹನಿ ಬೀಳುತ್ತಿದೆ. ಮೊದಲು ತೋರಿಸಿದ ಗ್ಯಾರೇಜಿನವನು ನಿಂತಲ್ಲಿಂದಲೇ ಬಗ್ಗಿ ನೋಡಿ, ಸ್ಟೇರಿಂಗ್ ಆಯಿಲ್ ಸೋರುತ್ತಿದೆ, ಪೂರಾ ಬದಲಿಸಬೇಕು ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಈ ಕಾರಿನ ಸ್ಟೇರಿಂಗಿಗೆ ಆಯಿಲ್ಲೇ ಇಲ್ಲ, ಅದು ಕರೆಂಟಿನದು. ಎರಡನೆಯವನು, ಏಸಿ ನೀರು ಬಿಡಿ ಸಾರ್, ಎಂದು ಕೈ ತೊಳೆದುಕೊಂಡ. ಕೆಂಪು ಬಣ್ಣದ ಏಸಿ ನೀರನ್ನು ಅವನು ಎಲ್ಲಿ ಕಂಡಿದ್ದನೋ.

“ನಾನೂ ಸುಮ್ನಾಗ್ತಿದ್ದೆ,” ಎನ್ನುತ್ತಾರೆ ಪೂರ್ಣೇಶ್. “ಘಾಟಿ ಇಳಿಯೋಕೆ ಮುಂಚೆ ಜಟ್ಟಪ್ಪಣ್ಣನಿಗೆ ಒಂದ್ಸಲ ತೋರ್ಸು ಅಂತ ನಮ್ಮ ಚಿಕ್ಕಪ್ಪ ನಿನ್ನೆ ಫೋನ್ ಮಾಡಿ ಬೈದ್ರು. ಐದು ನಿಮಿಷದ ಕೆಲ್ಸ ಅಂದ್ಕೊಂಡೆ.”

ಐದು ನಿಮಿಷದಲ್ಲಿ ಮುಗಿಯುವ ಕೆಲಸ ಜಟ್ಟಪ್ಪನವರ ಹತ್ತಿರ ಇಲ್ಲ. ಅವರು ಮೊದಲು ಮಾಡುವುದು ಒಂದು ವಿಚಿತ್ರ ಕೆಲಸ. ಶೆಡ್ಡಿನ ಮೂಲೆಯಲ್ಲಿ ಒಣಗಿದ ಅಡಿಕೆ ಹಾಳೆಗಳ ದೊಡ್ಡ ಕಟ್ಟಿದೆ. ಅದರಿಂದ ಒಂದನ್ನು ಎಳೆದು, ಒಳಮೈ ಮೇಲೆ ಮಾಡಿ, ಕಾರಿನ ಅಡಿಗೆ ತಳ್ಳುತ್ತಾರೆ. ಶೆಡ್ಡಿನ ಎಣ್ಣೆ ಹಿಡಿದ ಸಿಮೆಂಟಿನ ನೆಲದ ಮೇಲೆ ಬಿದ್ದ ಹನಿಗೆಲ್ಲ ಒಂದೇ ಬಣ್ಣ, ಕಪ್ಪು. ಹಾಳೆಯ ಬಿಳಿ ಮೈ ಮೇಲೆ ಅದು ತನ್ನ ಬಣ್ಣ ಬಿಟ್ಟುಕೊಡುತ್ತದೆ. ಕೂಲೆಂಟ್ ಹಸಿರು, ಬ್ರೇಕ್ ಆಯಿಲ್ ತಿಳಿಹಳದಿ, ಏಸಿ ನೀರು ಬರೀ ನೀರು. ಜೊತೆಗೆ ಹನಿ ಬಿದ್ದ ಜಾಗವೂ ಗುರುತಾಗಿ ಉಳಿಯುತ್ತದೆ.

“ಊಟಕ್ಕೆ ತಟ್ಟೆ ಆಗೋ ಹಾಳೆ ಇದಕ್ಕೂ ಆಗ್ತದೆ,” ಎನ್ನುತ್ತ ಹೊರಗೆ ಬಂದ ಜಟ್ಟಪ್ಪ ಕೂರುವುದಿಲ್ಲ. ಜಾಕ್ ಹಚ್ಚಿ ಚಕ್ರ ಬಿಚ್ಚುತ್ತಾರೆ. ಕಣ್ಣಿಗಿಂತ ಮೊದಲು ಅಂಗೈ ಓಡುತ್ತದೆ. ಟೈರಿನ ಒಳಮಗ್ಗುಲಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಗುಳ್ಳೆ. ರಿಮ್ಮಿನ ಒಳ ಅಂಚು ಒಂದು ಗೇಣಿನಷ್ಟು ಮಡಚಿದೆ. ಹೊರಗಿನಿಂದ ನೋಡಿದರೆ ಒಂದು ಗೀರೂ ಇಲ್ಲ. ಹಿಂದಿನ ಚಕ್ರದಿಂದ ಮುಂದೆ ಚಕ್ರ ಕೂರುವ ಜಾಗಕ್ಕೆ ದಾರ ಹಿಡಿದು, ಚಕ್ರವನ್ನು ಹಿಡಿದಿಡುವ ಅಡಿಯ ಆರ್ಮು ಬಾಗಿಲ್ಲ ಎಂಬುದನ್ನು ಎರಡು ಬಾರಿ ಖಾತ್ರಿ ಮಾಡಿಕೊಳ್ಳುತ್ತಾರೆ. ಗಾಡಿ ಎಡಕ್ಕೆ ಎಳೆಯುವುದು ಯಾಕೆ ಎಂಬುದು ಗೊತ್ತಾಯಿತು. ಸ್ಟೆಪ್ನಿ ಹಾಕಿದರೆ ಸದ್ಯಕ್ಕೆ ಸಾಕು. ಆದರೆ ಹನಿ ಎಲ್ಲಿಂದ ಬರುತ್ತಿದೆ?

ಜಟ್ಟಪ್ಪ ಹುಟ್ಟಿದ್ದು ಸಾಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ಅಪ್ಪ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಭೂಸುಧಾರಣೆ ಕಾನೂನು ಬಂದ ಮೇಲೆ ಎರಡು ಎಕರೆ ಸ್ವಂತದ್ದಾಯಿತು. ಐದು ಜನ ಅಣ್ಣತಮ್ಮಂದಿರಲ್ಲಿ ಪಾಲಾದಾಗ ಜಟ್ಟಪ್ಪನವರಿಗೆ ಬಂದದ್ದು ಬೇಲಿಗೆ ಹತ್ತಿದ ಒಂದು ತುಂಡು. ಅದನ್ನು ತಮ್ಮನಿಗೆ ಬಿಟ್ಟು ಹತ್ತೊಂಬತ್ತನೇ ವಯಸ್ಸಿಗೆ ಸಾಗರದ ಲಾರಿ ಗ್ಯಾರೇಜು ಸೇರಿದರು. ಕಲಿಸಿದವರು ರಾಮಚಂದ್ರಪ್ಪ ಎಂಬ ಮೇಸ್ತ್ರಿ. ಕೆಟ್ಟ ಬಾಯಿ, ಒಳ್ಳೆಯ ಕೈ ಎಂದು ಶಿಷ್ಯ ಈಗಲೂ ನೆನೆಯುತ್ತಾರೆ. ಹೆಂಡತಿ ಯಮುನಮ್ಮನ ತವರು ಮೇಳಿಗೆ ಹತ್ತಿರ. ಹಾಗಾಗಿ ಇಪ್ಪತ್ತೆರಡು ವರ್ಷದ ಹಿಂದೆ ಇಲ್ಲಿ ಶೆಡ್ಡು ಎದ್ದಿತು. ದಿನಕ್ಕೆ ಆರೇಳು ಗಾಡಿ ಬರುತ್ತವೆ, ಭಾನುವಾರ ಪ್ರವಾಸಿಗರದು ಸೇರಿ ಹದಿನೈದು. ಅದರಲ್ಲಿ ಅರ್ಧದಷ್ಟು ಚಕ್ರಕ್ಕೆ ಪೆಟ್ಟು ತಿಂದವೇ.

“ರಸ್ತೆ ಅಗಲ ಆದ್ಮೇಲೆ ನಂಗೆ ಕೆಲ್ಸ ಜಾಸ್ತಿ ಆಯ್ತು,” ಎನ್ನುತ್ತಾರೆ. “ಮುಂಚೆ ಗುಂಡಿಗೆ ಇಳಿಸ್ತಿದ್ರು, ಈಗ ಕಲ್ಲಿಗೆ ಹತ್ತಿಸ್ತಾರೆ. ಗುಂಡಿಗೆ ಬಿದ್ದೋನು ತೋರ್ಸೋಕೆ ಬರ್ತಾನೆ. ಕಲ್ಲಿಗೆ ಹತ್ಸಿದೋನಿಗೆ ನಾಚಿಕೆ, ಬರೋದಿಲ್ಲ.”

ಕಾಲಿಗೆ ಚಕ್ರ ಕಟ್ಟಿಕೊಂಡವರು ಎಂಬ ಮಾತು ಇವರನ್ನು ನೋಡಿಯೇ ಹುಟ್ಟಿರಬೇಕು. ಮಾತಾಡುವಾಗ ಕೈ ಸ್ಪ್ಯಾನರನ್ನು ಅತ್ತಿಂದಿತ್ತ ತಿರುಗಿಸುತ್ತದೆ. ಚಹಾ ನಿಂತೇ ಕುಡಿಯುತ್ತಾರೆ, ಅದೂ ಅರ್ಧ. “ಮಲಗಿದಲ್ಲೂ ಎದ್ದು ಕೂತು, ಅವ್ನ ಗಾಡಿ ನಟ್ಟು ಬಿಗಿ ಮಾಡಿದ್ನೋ ಇಲ್ವೋ ಅಂತಾರೆ. ನಾನು ಮಾಡಿದೀರಿ ಮಲ್ಕೊಳಿ ಅನ್ನೋದು. ನಂಗೆಂತ ಗೊತ್ತು ಮಾಡಿದಾರೋ ಇಲ್ವೋ,” ಎಂದು ಯಮುನಮ್ಮ ನಗುತ್ತಾರೆ.

ಐದು ಮುಕ್ಕಾಲು. ಹಾಳೆಯ ಮೇಲೆ ಮೂರು ಹನಿ ಬಿದ್ದಿವೆ. ಕಡುಗೆಂಪು. ಜಟ್ಟಪ್ಪ ಹಾಳೆಯನ್ನು ಬೆಳಕಿಗೆ ಎಳೆದು ಮೂಸುತ್ತಾರೆ. ಹನಿಯೊಂದನ್ನು ಬೆರಳ ತುದಿಯಲ್ಲಿ ತೆಗೆದು ಬಟ್ಟಲಿನ ನೀರಿಗೆ ಬಿಡುತ್ತಾರೆ. ಎಣ್ಣೆಯಾಗಿದ್ದರೆ ತೇಲಬೇಕಿತ್ತು. ಇದು ನೂಲು ಬಿಚ್ಚಿದ ಹಾಗೆ ನೀರಲ್ಲಿ ಕರಗುತ್ತದೆ. ಜಟ್ಟಪ್ಪನವರ ಹುಬ್ಬು ಗಂಟಾಗುತ್ತದೆ. ಎಂಜಿನ್ನಿನಿಂದ ಬಂದದ್ದಲ್ಲ ಇದು. ಹಾಳೆಯನ್ನು ಹಿಡಿದುಕೊಂಡೇ ಕಾರಿನ ಹಿಂದಿನ ಬಾಗಿಲಿಗೆ ಹೋಗುತ್ತಾರೆ.

“ಅಮ್ಮಾ, ಇದೊಂಚೂರು ನೋಡಿ. ನಂಗ್ಯಾಕೋ ಅನುಮಾನ.”

ವೇದಾವತಮ್ಮ ಕನ್ನಡಕ ಏರಿಸಿ ನೋಡುತ್ತಾರೆ, ಹೆಬ್ಬೆರಳಲ್ಲಿ ತಿಕ್ಕುತ್ತಾರೆ, ಮಗ ಬೇಡ ಬೇಡ ಎನ್ನುವಷ್ಟರಲ್ಲಿ ನಾಲಿಗೆಗೆ ಮುಟ್ಟಿಸಿಯೂ ಆಗಿದೆ.

“ಚೊಗರಲ್ವೇನೋ ಇದು!” ಎನ್ನುತ್ತಾರೆ. “ಬಾಯೆಲ್ಲ ಒಗರಾಯ್ತು. ನಮ್ಮನೇದಲ್ಲ ಮಾರಾಯ, ನಿನ್ನ ಮಾವನ ಮನೇದು. ನಾವು ಇಷ್ಟು ತೆಳ್ಳಗೆ ಮಾಡೋದಿಲ್ಲ.”

ಚೊಗರು ಎಂದರೆ ಅಡಿಕೆ ಬೇಯಿಸಿದ ನೀರು ಬತ್ತಿ ಉಳಿಯುವ ಕೆಂಪು ರಸ. ಬೆಂದ ಅಡಿಕೆಗೆ ಬಣ್ಣ ಕೊಡುವುದು ಇದೇ. ಈ ವರ್ಷದ ಮೊದಲ ಬೇಯಿಸುವಿಕೆಗೆ ಮನೆಯಲ್ಲಿ ಚೊಗರಿಲ್ಲವೆಂದು ಪೂರ್ಣೇಶ್ ಮಾವನ ಮನೆಯಿಂದ ಒಂದು ಕ್ಯಾನ್ ತುಂಬಿಸಿಕೊಂಡು, ಮುಂದಿನ ಎಡ ಸೀಟಿನ ಕೆಳಗೆ ಕಾಲಿಡುವ ಜಾಗದಲ್ಲಿಟ್ಟು ತಂದಿದ್ದರು. ಚಕ್ರ ಕಲ್ಲಿಗೆ ಹತ್ತಿದಾಗ ಕ್ಯಾನ್ ಮಗುಚಿತ್ತು. ಮೇಲೆ ಒರೆಸಿ ಸುಮ್ಮನಾಗಿದ್ದರು. ಕಾರ್ಪೆಟ್ಟಿನ ಅಡಿಯ ಸ್ಪಂಜು ಕುಡಿದದ್ದು ಕುಡಿದು, ಉಳಿದದ್ದನ್ನು ನೆಲದ ರಬ್ಬರ್ ಬಿರಡೆಯ ಸಂದಿನಿಂದ ಮೂರು ದಿನವೂ ಹನಿ ಹನಿಯಾಗಿ ಬಿಟ್ಟಿದೆ. ಹನಿ ಬೀಳುವ ಜಾಗ ಸರಿಯಾಗಿ ಪೆಟ್ಟಾದ ಚಕ್ರದ ಹಿಂದೆ. ಇಂಥ ಎಡವಟ್ಟು ಅಡಿಕೆ ಬೇಯಿಸುವ ನಾಡಿನಲ್ಲಲ್ಲದೆ ಬೇರೆಲ್ಲೂ ಆಗಲಾರದು.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಪೂರ್ಣೇಶ್ ಜೋರಾಗಿ ನಗುತ್ತಾರೆ, ತಾಯಿಯೂ ನಗುತ್ತಾರೆ. ಪಕ್ಕದ ಚಹಾದಂಗಡಿಯಿಂದ ಕುಂಟುತ್ತ ಬಂದ ಬಾಲು ಎಂಬವರೂ ನಗುತ್ತಾರೆ. ಸ್ಟೆಪ್ನಿ ಹಾಕಿಯಾಯಿತು. ಪೂರ್ಣೇಶ್ ಸೀಟಿನಲ್ಲಿ ಕೂತು ಕೀ ತಿರುಗಿಸುತ್ತಾರೆ. ಸಮಯ ಆರೂಕಾಲು. ಬೇಕಾದಷ್ಟು ಹೊತ್ತಿದೆ.

ಜಟ್ಟಪ್ಪ ಮಾತ್ರ ನಗುವುದಿಲ್ಲ. ಬಾನೆಟ್ ಮೇಲಿಟ್ಟ ಕೈ ತೆಗೆದೂ ಇಲ್ಲ.

“ಬಾನೆಟ್ ತೆಗೀರಿ ಗೌಡ್ರೆ.”

“ಇನ್ನೆಂತ ಜಟ್ಟಪ್ಪಣ್ಣ? ಚೊಗರು ಅಂತ ಗೊತ್ತಾಯ್ತಲ್ಲ.”

“ತೆಗೀರಿ.”

ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಗೆರೆಗಿಂತ ಒಂದು ಬೆರಳು ಕಡಿಮೆಯಿದೆ. ಪ್ಯಾಡ್ ಸವೆದರೆ ಅಷ್ಟು ಇಳಿಯುತ್ತದೆ ಅಂತ ಗ್ಯಾರೇಜಿನವರು ಹೇಳಿದ್ದಾರೆ ಎನ್ನುತ್ತಾರೆ ಪೂರ್ಣೇಶ್. ಮಾತು ಸುಳ್ಳಲ್ಲ. ಆದರೆ ಚಕ್ರ ಬಿಚ್ಚಿದಾಗ ಜಟ್ಟಪ್ಪ ಪ್ಯಾಡ್ ನೋಡಿದ್ದಾರೆ. ಅವು ಇನ್ನೂ ದಪ್ಪವಾಗಿಯೇ ಇವೆ. ಹಾಗಾದರೆ ಆ ಒಂದು ಬೆರಳಿನಷ್ಟು ಆಯಿಲ್ ಎಲ್ಲಿ ಹೋಯಿತು? ಬಾಲು ಸೀಟಿನಲ್ಲಿ ಕೂತು ಬ್ರೇಕ್ ತುಳಿಯುತ್ತಾರೆ, ಜಟ್ಟಪ್ಪ ಅಡಿಯಲ್ಲಿ ಮಲಗಿ ನೋಡುತ್ತಾರೆ. ಹತ್ತು ಸಲ ತುಳಿದರೂ ಪೈಪುಗಳೆಲ್ಲ ಒಣ ಒಣ. ಹೊಸ ಹಾಳೆಯ ಮೇಲೆ ಚೊಗರು ಬಿಟ್ಟರೆ ಬೇರೇನೂ ಇಲ್ಲ.

“ಜಟ್ಟಪ್ಪಣ್ಣ, ನಮ್ಮಮ್ಮನ ಟೈಮ್ ಹೋಗ್ತಾ ಇದೆ,” ಪೂರ್ಣೇಶ್ ದನಿ ಏರುತ್ತದೆ. “ಮೂರು ತಿಂಗ್ಳು ಕಾದಿದೀವಿ ಮಾರಾಯ್ರೆ. ನಿಮ್ಗೆ ಅನುಮಾನ ಅಂತ ನಾವು ಇಲ್ಲೇ ಕೂರಾಕಾಗ್ತದಾ?”

ಜಟ್ಟಪ್ಪ ಕಿಟಕಿಯೊಳಗೆ ಕೈ ಹಾಕಿ ಕೀ ಎಳೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಗಿರಾಕಿಯ ಕೀ ಕಿತ್ತುಕೊಳ್ಳುವುದು ಯಾವ ಮೇಸ್ತ್ರಿಗೂ ಶೋಭೆಯಲ್ಲ, ಅದು ಅವರಿಗೂ ಗೊತ್ತು. ಶೆಡ್ಡಿನ ಮುಂದೆ ಅತ್ತ ಹತ್ತು ಹೆಜ್ಜೆ, ಇತ್ತ ಹತ್ತು ಹೆಜ್ಜೆ ಓಡಾಡುತ್ತಾರೆ.

ಈ ಚಡಪಡಿಕೆಗೆ ಒಂದು ಕಾರಣವಿದೆ, ಅದು ಪಕ್ಕದಲ್ಲೇ ಕೋಲೂರಿ ನಿಂತಿದೆ. ಹದಿನಾಲ್ಕು ವರ್ಷದ ಹಿಂದೆ ಬಾಲು ಬಾಡಿಗೆ ವ್ಯಾನ್ ಓಡಿಸುತ್ತಿದ್ದರು. ಒಂದು ಬೆಳಿಗ್ಗೆ ಚಕ್ರದ ಹತ್ತಿರ ತೇವ ಕಂಡು ಇದೇ ಶೆಡ್ಡಿಗೆ ತಂದರು. ಆ ಹೊತ್ತಿಗೆ ಎಂಟು ಗಾಡಿ ಸಾಲಿನಲ್ಲಿದ್ದವು. ಜಟ್ಟಪ್ಪ ಬಗ್ಗಿ ನೋಡಿ, ತೊಳೆದ ನೀರು ನಿಂತಿದೆ, ಹೋಗಿ ಬಾ, ಎಂದರು. ಘಾಟಿಯ ನಾಲ್ಕನೇ ತಿರುವಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಬಾಲು ವ್ಯಾನನ್ನು ಕಣಿವೆಗೆ ಬಿಡದೆ ಗುಡ್ಡಕ್ಕೆ ಗುದ್ದಿಸಿದರು. ಹಿಂದೆ ಕೂತ ಐವರಿಗೂ ಏನೂ ಆಗಲಿಲ್ಲ, ಬಾಲು ಅವರ ಎಡಗಾಲು ಹೋಯಿತು. ಶೆಡ್ಡಿನ ಪಕ್ಕದಲ್ಲಿ ಚಹಾದಂಗಡಿ ಹಾಕಿಕೊಟ್ಟದ್ದು ಜಟ್ಟಪ್ಪ. ಅಲ್ಲಿಂದ ಇಲ್ಲಿಯವರೆಗೆ ಈ ಶೆಡ್ಡಿಗೆ ಬಂದ ಪ್ರತಿ ಗಾಡಿಯ ಬ್ರೇಕನ್ನೂ ಕೊನೆಗೊಮ್ಮೆ ತುಳಿದು ನೋಡುವುದು ಬಾಲು ಅವರ ಬಲಗಾಲು.

“ಅವ್ನು ಒಂದು ದಿನ ಬೈದಿದ್ರೆ ಅವತ್ತಿಗೇ ಮುಗೀತಿತ್ತು,” ಎನ್ನುತ್ತಾರೆ ಜಟ್ಟಪ್ಪ, ಬಾಲು ಕೇಳಿಸಿಕೊಳ್ಳುವಂತೆಯೇ. “ಬೈಲಿಲ್ಲ ಇವ. ಹದಿನಾಲ್ಕು ವರ್ಷ ಆಯ್ತು.”

“ನಾಳೆ ಬೈತೀನಿ, ಇವತ್ತು ಕೆಲ್ಸ ಮಾಡು,” ಎನ್ನುತ್ತಾರೆ ಬಾಲು.

ಕೆಲಸ ಮಾಡಬೇಕು, ಆದರೆ ಎಲ್ಲಿ? ಓಡಾಡುತ್ತಿದ್ದ ಜಟ್ಟಪ್ಪ ಬಿಚ್ಚಿಟ್ಟ ಚಕ್ರದ ಮುಂದೆ ನಿಲ್ಲುತ್ತಾರೆ. ಮಡಚಿದ ರಿಮ್ಮಿನ ಒಳ ಅಂಚನ್ನು ಮತ್ತೆ ಬೆರಳಲ್ಲಿ ಸವರುತ್ತಾರೆ. ಅಂಚಿನ ಒಂದು ಕಡೆ ಕರಿಯ ಪುಡಿ ಅಂಟಿದೆ. ಟೈರಿನದಾಗಿದ್ದರೆ ಸುತ್ತಲೂ ಇರಬೇಕಿತ್ತು. ಇದು ಒಂದೇ ಕಡೆ ಇದೆ. ಏನೋ ಒಂದು ರಬ್ಬರು ಈ ಚೂಪಿಗೆ ತಾಗಿ ತಾಗಿ ಸವೆದಿದೆ.

“ಬಾಲು, ತಗೋ ಕೀ, ಹತ್ತು. ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗ್ಸು. ತಿರುಗಿಸ್ಕೊಂಡೇ ತುಳಿ.”

ಬಾಲು ತಿರುಗಿಸಿ ತುಳಿಯುತ್ತಾರೆ. ಏನೂ ಇಲ್ಲ.

“ಈಗ ಎಡಕ್ಕೆ. ಪೂರ್ತಿ. ತುಳಿ.”

ಚಕ್ರದ ಒಳಗಿನಿಂದ ತಿಳಿಹಳದಿ ಎಣ್ಣೆ ಎಳೆಯಾಗಿ ಚಿಮ್ಮಿ ಜಟ್ಟಪ್ಪನವರ ಅಂಗಿಯ ತೋಳಿಗೆ ಬೀಳುತ್ತದೆ. ಸ್ಟೇರಿಂಗ್ ನೇರ ಮಾಡಿದ ಕೂಡಲೇ ನಿಲ್ಲುತ್ತದೆ, ಏನೂ ಆಗಿಲ್ಲವೆಂಬಂತೆ.

ಕಲ್ಲಿನ ಪೆಟ್ಟಿಗೆ ಬ್ರೇಕ್ ಪೈಪನ್ನು ಹಿಡಿದಿಡುವ ಸಣ್ಣ ಕ್ಲಿಪ್ಪು ಬಾಗಿದೆ. ಸಡಿಲಾದ ರಬ್ಬರ್ ಪೈಪು, ಸ್ಟೇರಿಂಗ್ ಪೂರ್ತಿ ತಿರುಗಿದಾಗಲೆಲ್ಲ ರಿಮ್ಮಿನ ಮಡಚಿದ ಅಂಚಿಗೆ ಉಜ್ಜಿ ಸೀಳಿದೆ. ನೇರ ದಾರಿಯಲ್ಲಿ ಸೀಳು ಮುಚ್ಚಿಕೊಂಡಿರುತ್ತದೆ. ಕಡಿದಾದ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮಾತ್ರ ಬಾಯಿ ಬಿಡುತ್ತದೆ. ಮಂಡಗದ್ದೆಯಿಂದ ಇಲ್ಲಿವರೆಗೆ ಅಂಥ ತಿರುವಿಲ್ಲ. ಮುಂದಿರುವುದೆಲ್ಲ ಅಂಥದ್ದೇ. ಚೊಗರಿನ ಹನಿ ಎಲ್ಲರ ಕಣ್ಣನ್ನೂ ತನ್ನ ಕಡೆಗೆ ಎಳೆದುಕೊಂಡು, ಈ ಸೀಳನ್ನು ಅಡಗಿಸಿಟ್ಟಿತ್ತು.

ಪೂರ್ಣೇಶ್ ಕಾರಿಗೆ ಒರಗಿ ನಿಲ್ಲುತ್ತಾರೆ. ಆಗಷ್ಟೇ ಸಿಟ್ಟಿನಲ್ಲಿ ಕೆಂಪಗಾಗಿದ್ದ ಮುಖ ಬಿಳಿಚಿದೆ. ಸಿಟ್ಟು ಮಾಡಿದ್ದಕ್ಕೆ ನಾಚಿಕೆಯೂ ಇರಬಹುದು. ವೇದಾವತಮ್ಮ ಮಾತ್ರ ಫೈಲನ್ನು ಮಡಿಲಲ್ಲಿ ಸರಿಮಾಡಿಕೊಂಡು, “ಎಷ್ಟೊತ್ತು ಹಿಡೀತದೆ ಜಟ್ಟಪ್ಪ?” ಎಂದಷ್ಟೇ ಕೇಳುತ್ತಾರೆ.

ಹೊಸ ಪೈಪು ಸಿಗುವುದು ತೀರ್ಥಹಳ್ಳಿಯಲ್ಲಿ. ಅಂಗಡಿ ತೆರೆಯುವುದು ಒಂಬತ್ತಕ್ಕೆ. ಜಟ್ಟಪ್ಪ ಅಂಗಡಿಯವರ ಮನೆಗೆ ಫೋನ್ ಮಾಡಿ ಎಬ್ಬಿಸುತ್ತಾರೆ. ಯಮುನಮ್ಮ ಒಲೆಯ ಮೇಲಿನ ದೋಸೆ ಕಾವಲಿ ಇಳಿಸಿ, ಸೆರಗು ಸಿಕ್ಕಿಸಿಕೊಂಡು ಸ್ಕೂಟರ್ ಹತ್ತುತ್ತಾರೆ. ಅವರು ಹೋಗಿ ಬರುವ ಐವತ್ತು ನಿಮಿಷದಲ್ಲಿ ಜಟ್ಟಪ್ಪ ಕ್ಲಿಪ್ಪನ್ನು ನೇರ ಮಾಡುತ್ತಾರೆ, ಕಾರ್ಪೆಟ್ ಕಿತ್ತು ಚೊಗರು ತೊಳೆಯುತ್ತಾರೆ, ಉಳಿದ ಮೂರು ಚಕ್ರದ ಪೈಪುಗಳನ್ನೂ ಒಂದೊಂದಾಗಿ ಬಗ್ಗಿಸಿ ನೋಡುತ್ತಾರೆ, ಮಧ್ಯೆ ಎಂಟು ಸಲ ರಸ್ತೆಗೆ ಹೋಗಿ ಸ್ಕೂಟರ್ ಬಂತಾ ಎಂದು ನೋಡುತ್ತಾರೆ.

ಏಳೂವರೆಗೆ ಪೈಪು ಬಂತು. ಹಾಕಿ, ಪೈಪಿನೊಳಗಿನ ಗಾಳಿ ತೆಗೆದು, ಆಯಿಲ್ ತುಂಬಿ, ಬಲಕ್ಕೊಮ್ಮೆ ಎಡಕ್ಕೊಮ್ಮೆ ಸ್ಟೇರಿಂಗ್ ತಿರುಗಿಸಿ ಬಾಲು ಇಪ್ಪತ್ತು ಸಲ ತುಳಿದರು. ಹಾಳೆ ಬೆಳ್ಳಗೇ ಉಳಿಯಿತು. ಎಂಟಕ್ಕೆ ಐದು ನಿಮಿಷವಿರುವಾಗ ಜಟ್ಟಪ್ಪ ಜೇಬಿನಿಂದ ಕೀ ತೆಗೆದು ಕೊಡುತ್ತಾರೆ.

“ಘಾಟೀಲಿ ಸೆಕೆಂಡ್ ಗೇರಲ್ಲೇ ಇಳೀರಿ. ಬಂದ್ಮೇಲೆ ಅಲೈನ್‌ಮೆಂಟ್ ಮಾಡ್ಸಿ, ಆ ರಿಮ್ಮು ಎಸೀರಿ. ಮತ್ತೆ ಗೌಡ್ರೆ, ಘಾಟಿ ಇಳಿದು ಸೋಮೇಶ್ವರ ಮುಟ್ಟಿದ ಕೂಡ್ಲೆ ನಂಗೊಂದು ಮಿಸ್ ಕಾಲ್.”

ಇದು ಅವರು ಘಾಟಿ ಇಳಿಯುವ ಎಲ್ಲರಿಗೂ ಹೇಳುವ ಮಾತು. ಹತ್ತರಲ್ಲಿ ಇಬ್ಬರು ಕೊಡುತ್ತಾರೆ. ಉಳಿದವರು ಕೆಳಗೆ ಮುಟ್ಟಿದ ಖುಷಿಯಲ್ಲಿ ಮರೆಯುತ್ತಾರೆ. ಮರೆತದ್ದೆಂದರೆ ಕ್ಷೇಮವಾಗಿ ಮುಟ್ಟಿದ್ದಾರೆ ಎಂದೇ ಅಲ್ಲವೇ ಎಂದರೆ ಜಟ್ಟಪ್ಪ ಒಪ್ಪುವುದಿಲ್ಲ. “ಹಂಗಂತ ನೀವು ಅಂದ್ಕೋಬಹುದು. ನಂಗೆ ಆಗಲ್ಲ,” ಎನ್ನುತ್ತಾರೆ. ಅವರಿಗೆ ಹೊಸ ಮಿಷನ್ ಬೇಡ, ಸನ್ಮಾನ ಬೇಡ, ಪೇಪರಿನಲ್ಲಿ ಹೆಸರು ಬಂದರೆ ಬರಲಿ, ಬಾರದಿದ್ದರೆ ಇನ್ನೂ ಒಳ್ಳೆಯದು. ಬೇಕಾದದ್ದು ಆ ಮಿಸ್ ಕಾಲ್ ಒಂದೇ.

ಇಲ್ಲಿಂದ ಸೋಮೇಶ್ವರಕ್ಕೆ ಒಂದು ಗಂಟೆ ಸಾಕು. ಒಂಬತ್ತಾಯಿತು. ಒಂಬತ್ತೂ ಹತ್ತಾಯಿತು. ಜಟ್ಟಪ್ಪ ಇನ್ನೊಂದು ಜೀಪಿನ ಚಕ್ರ ಬಿಚ್ಚಿದ್ದಾರೆ, ಆದರೆ ನಾಲ್ಕು ನಟ್ಟು ಬಿಚ್ಚುವಷ್ಟರಲ್ಲಿ ಆರು ಸಲ ಫೋನ್ ತೆಗೆದು ನೋಡಿದ್ದಾರೆ. ಒಂಬತ್ತೂ ಇಪ್ಪತ್ತು. ಸ್ಪ್ಯಾನರ್ ಕೆಳಗಿಟ್ಟು ರಸ್ತೆಗೆ ಹೋಗಿ ಆಗುಂಬೆ ದಿಕ್ಕಿಗೆ ನಿಲ್ಲುತ್ತಾರೆ. ಅಲ್ಲಿಂದ ಘಾಟಿ ಕಾಣುವುದಿಲ್ಲ, ಅದು ಅವರಿಗೂ ಗೊತ್ತು. ಪೈಪಿನ ಬೋಲ್ಟು ಎರಡೂ ಬಿಗಿ ಮಾಡಿದ್ದೆನೇ? ಮಾಡಿದ್ದೆ. ಮೇಲಿನದ್ದು? ಅದನ್ನೂ ಮಾಡಿದ್ದೆ. ವಾಷರ್? ಬಾಲು ಅಂಗಡಿಯಿಂದ ನೋಡುತ್ತಿದ್ದಾರೆ.

ಒಂಬತ್ತೂ ಇಪ್ಪತ್ತೇಳಕ್ಕೆ ಫೋನ್ ಬಡಿದುಕೊಳ್ಳುತ್ತದೆ. ಮಿಸ್ ಕಾಲ್ ಅಲ್ಲ, ನಿಲ್ಲದೆ ಬಡಿದುಕೊಳ್ಳುತ್ತಿದೆ. ಎತ್ತಿದರೆ ಆ ಕಡೆ ವೇದಾವತಮ್ಮ.

“ಜಟ್ಟಪ್ಪಾ, ಸೋಮೇಶ್ವರದಲ್ಲಿದೀವಿ. ಆಗುಂಬೇಲಿ ಪೂರ್ಣೇಶ ಚಾ ಕುಡೀತಾ ನಿಂತ, ಅದಕ್ಕೆ ತಡ ಆಯ್ತು. ನೀನು ಕಾಯ್ತಿರ್ತೀಯ ಅಂತ ನಾನೇ ಮಾಡ್ದೆ.”

“ಬ್ರೇಕ್ ಹೆಂಗಿತ್ತಮ್ಮ? ತಿರುವಲ್ಲಿ ಗಾಡಿ ಎಲ್ಲಾದ್ರೂ ಎಳೀತಾ? ಪೆಡ್ಲು ಒಳಗೆ ಹೋಗ್ತಿದ್ಯಾ ಕೇಳಿ ಗೌಡ್ರನ್ನ.”

“ನಂಗೆಂತ ಗೊತ್ತಾಗ್ತದೆ ಮಾರಾಯ? ನಾನು ಮಲ್ಗಿಬಿಟ್ಟಿದ್ದೆ. ಕೆಳಗೆ ಬಂದ್ಮೇಲೆ ಪೂರ್ಣೇಶನೇ ಎಬ್ಸಿದ್ದು.”

ಫೋನ್ ಇಟ್ಟ ಮೇಲೂ ಜಟ್ಟಪ್ಪ ರಸ್ತೆಯ ಅಂಚಿನಲ್ಲೇ ನಿಂತಿದ್ದಾರೆ. ಎಂತ ಅಂದ್ರು ಎಂದು ಬಾಲು ಅಂಗಡಿಯಿಂದ ಕೂಗಿ ಕೇಳುತ್ತಾರೆ. ಜಟ್ಟಪ್ಪ ತಿರುಗಿ ನೋಡುತ್ತಾರೆ.

“ನಿದ್ದೆ ಮಾಡಿದ್ರಂತೆ,” ಎನ್ನುತ್ತಾರೆ. “ಹದಿನಾಲ್ಕು ತಿರುವೂ.”